ತಿಮಿಂಗಿಲ ಬೇಟೆಗಾರರು ಬರೆದ ಕರಾವಳಿ

ಕೇಪ್‌ಟೌನ್ ಬಿಟ್ಟು ಅಂಟಾರ್ಕ್ಟಿಕಕ್ಕೆ ಹೊರಟ ನಮ್ಮ ಹಡಗು ದಕ್ಷಿಣಕ್ಕೆ ಇಳಿಯುತ್ತಲೇ ಪೂರ್ವಕ್ಕೂ ಸರಿಯುತ್ತದೆ. ನಲವತ್ತರಿಂದ ಅರವತ್ತರ ಅಕ್ಷಾಂಶದವರೆಗಿನ ಆ ಕಡಲು ಹಡಗನ್ನು ಎತ್ತಿ ಎತ್ತಿ ಹಾಕುತ್ತದೆ. ಊಟವೂ ನಿದ್ದೆಯೂ ಅದರ ಮರ್ಜಿ. ಆಮೇಲೆ ಒಂದು ಬೆಳಗ್ಗೆ ಎದ್ದರೆ ಅಲುಗಾಟವೇ ಇಲ್ಲ. ಎಂಜಿನ್ನಿನ ಗುನುಗು ಬಿಟ್ಟರೆ ಬೇರೆ ಸದ್ದಿಲ್ಲ. ಡೆಕ್ಕಿಗೆ ಓಡಿ ಬಂದೆ. ಕಣ್ಣು ಹರಿಯುವಷ್ಟು ದೂರ ಹಿಮದ ಚಪ್ಪಡಿಗಳು ಒಂದಕ್ಕೊಂದು ತಾಗಿಕೊಂಡು ತೇಲುತ್ತಿದ್ದವು. ಅಷ್ಟು ದೊಡ್ಡ ಸಾಗರದ ಅಬ್ಬರವನ್ನು ಅವು ಅದುಮಿ ಹಿಡಿದಿದ್ದವು. ಅಪ್ಪಟ ಬಿಳಿಯ ಹಿಮಪೆಟ್ರೆಲ್ ಹಕ್ಕಿಯೊಂದು ಹಡಗಿನ ಮೂತಿಯ ಮುಂದೆ ಹಾರುತ್ತಿತ್ತು. ಅದರ ಕರಿಯ ಕಣ್ಣು, ಕರಿಯ ಕೊಕ್ಕು ಮಾತ್ರ ಆಕಾಶದಲ್ಲಿ ಕಾಣುತ್ತಿದ್ದವು.

ಹಡಗು ನಡೆಸುವ ಕೋಣೆಗೆ ಹೋಗಲು ನಮಗೆ ಅನುಮತಿ ಇತ್ತು. ಅಲ್ಲಿ ಅಗಲದ ಮೇಜಿನ ಮೇಲೆ ನಕಾಶೆ ಹರಡಿತ್ತು. ನಾನು ನೋಡಿದ್ದ ಕರಾವಳಿ ನಕಾಶೆಗಳಲ್ಲಿ ಆಳ ಸೂಚಿಸುವ ಅಂಕಿಗಳು ತುಂಬಿ ತುಳುಕುತ್ತವೆ. ಇಲ್ಲಿ ಹಾಗಲ್ಲ. ಹಿಂದೆ ಯಾವುದೋ ಹಡಗು ಹೋದ ದಾರಿಯುದ್ದಕ್ಕೂ ಅಂಕಿಗಳ ಒಂದು ಸಾಲು. ಅದರಾಚೆ ಏನೂ ಇಲ್ಲ, ಬರೀ ಕಾಗದ. ಇನ್ನೊಂದು ಹಡಗಿನ ದಾರಿಯಲ್ಲಿ ಮತ್ತೊಂದು ಸಾಲು. ದಡ ಇರಬೇಕಾದ ಕಡೆ ಎಷ್ಟೋ ದೂರ ತುಂಡು ತುಂಡು ಗೆರೆ, ಏಕೆಂದರೆ ಅಲ್ಲಿ ದಡವೆಂದರೆ ನೆಲವಲ್ಲ, ಹಿಮದ ಅಂಚು; ಅದು ವರ್ಷಕ್ಕೊಂದು ಕಡೆ ಇರುತ್ತದೆ. ಇಷ್ಟೆಲ್ಲ ಬರಿದಾಗಿದ್ದ ಆ ಹಾಳೆಯಲ್ಲಿ ಹೆಸರುಗಳಿಗೆ ಮಾತ್ರ ಬರವಿರಲಿಲ್ಲ. ಪ್ರಿಡ್ಸ್, ಅಮೆರಿ, ಲ್ಯಾಂಬರ್ಟ್, ಮೆಕೆಂಜಿ, ಇಂಗ್ರಿಡ್ ಕ್ರಿಸ್ಟೆನ್‌ಸೆನ್, ಕ್ಯಾರೊಲಿನ್ ಮಿಕೆಲ್ಸನ್. ಪ್ರಿಡ್ಸ್ ಕೊಲ್ಲಿಯ ಬಾಯಲ್ಲಿ ನೀರಿನಡಿಯ ದಿಬ್ಬವೊಂದಕ್ಕೆ 'ಫೋರ್ ಲೇಡೀಸ್ ಬ್ಯಾಂಕ್' ಎಂದು ಬರೆದಿತ್ತು. ಯಾರು ಈ ನಾಲ್ವರು ಹೆಂಗಸರು? ಯಾರು ಈ ಪ್ರಿಡ್ಸ್? ಆ ಪ್ರಶ್ನೆಗಳು ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲ. ಅವುಗಳ ಹಿಂದೆ ಹೋದಂತೆ ಒಂದು ಮಾತು ಸ್ಪಷ್ಟವಾಗುತ್ತ ಬಂತು: ಈ ಕರಾವಳಿಯನ್ನು ಜಗತ್ತಿಗೆ ತೋರಿಸಿದವರಲ್ಲಿ ವಿಜ್ಞಾನಿಗಳಷ್ಟೇ ಪಾಲು ಎಣ್ಣೆ ವ್ಯಾಪಾರಿಗಳದು.

ಪ್ರಿಡ್ಸ್ ಕೊಲ್ಲಿ ಪೂರ್ವ ಅಂಟಾರ್ಕ್ಟಿಕದಲ್ಲಿದೆ. ಹಿಂದೂ ಮಹಾಸಾಗರ ದಕ್ಷಿಣದಲ್ಲಿ ಮುಗಿಯುವ ಜಾಗ. ವೆಡೆಲ್ ಮತ್ತು ರಾಸ್ ಸಮುದ್ರಗಳನ್ನು ಬಿಟ್ಟರೆ ಆ ಖಂಡದ ಅಂಚು ಇಷ್ಟು ಆಳವಾಗಿ ಒಳಗೆ ಬಾಗಿರುವುದು ಇಲ್ಲೇ. ಒಳತುದಿಯಲ್ಲಿ ಅಮೆರಿ ಎಂಬ ಹಿಮಹಾಸು ಸಮುದ್ರದ ಮೇಲೆ ತೇಲುತ್ತಿದೆ. ಅದರ ಹಿಂದೆ ಲ್ಯಾಂಬರ್ಟ್ ಹಿಮನದಿ. ಉದ್ದ 400 ಕಿಲೋಮೀಟರಿಗೂ ಹೆಚ್ಚು. ಜಗತ್ತಿನ ಅತಿ ದೊಡ್ಡ ಹಿಮನದಿಗಳಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನ. ಖಂಡದ ಒಡಲಿನ ಹಿಮದ ದೊಡ್ಡದೊಂದು ಪಾಲು ಈ ಒಂದು ಕಣಿವೆಗೆ ಇಳಿದು, ಅಮೆರಿಯಾಗಿ ಹರಡಿ, ಕೊನೆಗೆ ಮುರಿದು ಕೊಲ್ಲಿಗೆ ಬೀಳುತ್ತದೆ.

ಇಲ್ಲಿಗೆ ಹತ್ತಿರ ಬಂದೂ ನೆಲ ಕಾಣದೆ ಹೋದವರ ಕಥೆ ನನಗೆ ಬಹಳ ಇಷ್ಟ. 1874ರ ಫೆಬ್ರವರಿ 16ರಂದು ಬ್ರಿಟಿಷರ ಸಂಶೋಧನಾ ಹಡಗು ಚಾಲೆಂಜರ್ ಅಂಟಾರ್ಕ್ಟಿಕ್ ವೃತ್ತವನ್ನು ದಾಟಿತು. ಹಾಗೆ ದಾಟಿದ ಮೊದಲ ಉಗಿಹಡಗು ಅದು. ದಾಟಿದ್ದು ಹೆಚ್ಚುಕಡಿಮೆ 78 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಎಂದರೆ ಈ ಕೊಲ್ಲಿಯ ನೇರ ಉತ್ತರಕ್ಕೆ. ಇನ್ನೂ ದಕ್ಷಿಣಕ್ಕೆ ಹೋಗಿದ್ದರೆ ದಡ ಎದುರಾಗುತ್ತಿತ್ತು. ಹಿಮಕ್ಕೆ ಅಂಜಿ ತಿರುಗಿದರು. ಆದರೆ ಆ ಪ್ರದೇಶದ ಸಮುದ್ರದ ತಳದಿಂದ ಬಲೆ ಎಳೆದಾಗ ಗ್ರಾನೈಟ್, ನೈಸ್, ಮರಳುಗಲ್ಲಿನ ಚೂರುಗಳು ಸಿಕ್ಕವು. ಇಂಥ ಕಲ್ಲುಗಳು ನಡುಗಡಲಿನ ಜ್ವಾಲಾಮುಖಿ ದ್ವೀಪಗಳಲ್ಲಿ ಹುಟ್ಟುವಂಥವಲ್ಲ, ಖಂಡದವು. ಹಿಮಗುಡ್ಡಗಳು ಹೊತ್ತು ತಂದು ಕರಗಿ ಉದುರಿಸಿದ ಆ ಚೂರುಗಳನ್ನು ಹಿಡಿದು ಆ ಯಾನದ ವಿಜ್ಞಾನಿ ಜಾನ್ ಮರ್ರೆ ದಕ್ಷಿಣದಲ್ಲಿ ಒಂದು ಮಹಾಖಂಡ ಇರಲೇಬೇಕೆಂದು ವಾದಿಸಿದ. ಕಣ್ಣಿಗೆ ಕಾಣದ ನೆಲವನ್ನು ಕಲ್ಲಿನ ಚೂರಿನಿಂದ ಕಂಡುಕೊಂಡ ಆ ಬುದ್ಧಿಗೆ ನಾನು ಡೆಕ್ಕಿನ ಮೇಲೆ ನಿಂತೇ ಕೈ ಮುಗಿದೆ.

ಅದಾಗಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಭಾಗ ನಕಾಶೆಯಲ್ಲಿ ಖಾಲಿಯೇ. 1929ರ ಹೊತ್ತಿಗೆ ಏಕಾಏಕಿ ಎಲ್ಲರಿಗೂ ಇದು ಬೇಕಾಯಿತು. ಕಾರಣ ತಿಮಿಂಗಿಲ. ಹಿಡಿದ ಪ್ರಾಣಿಯನ್ನು ನಡುಗಡಲಲ್ಲೇ ಹಡಗಿನೊಳಕ್ಕೆ ಎಳೆದುಕೊಂಡು ಎಣ್ಣೆ ತೆಗೆಯುವ ಕಾರ್ಖಾನೆ ಹಡಗುಗಳು ಆಗಷ್ಟೇ ಬಂದಿದ್ದವು. ಆ ಎಣ್ಣೆ ಯುರೋಪಿನ ಸಾಬೂನು, ಮಾರ್ಗರಿನ್ ಕಾರ್ಖಾನೆಗಳಿಗೆ ಹೋಗುತ್ತಿತ್ತು. ದಡ ಯಾರದೋ ಅವರಿಗೆ ಬೇಟೆಯ ಹಕ್ಕು, ಸುಂಕದ ಹಕ್ಕು. ನಾರ್ವೆಯ ಬೇಟೆಗಾರರು ಪಶ್ಚಿಮದಿಂದ ನುಗ್ಗುತ್ತಿದ್ದರು. ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿ ಡಗ್ಲಸ್ ಮಾಸನ್ ಮುಂದಾಳತ್ವದಲ್ಲಿ ಒಂದು ತಂಡ ಕಳಿಸಿದವು. ಹಡಗು ಡಿಸ್ಕವರಿ, ಹಿಂದೆ ಕ್ಯಾಪ್ಟನ್ ಸ್ಕಾಟ್ ತಂದಿದ್ದ ಅದೇ ಮರದ ಹಡಗು. 1930ರ ಜನವರಿ 13ರಂದು ಮಾಸನ್ ಪ್ರೊಕ್ಲಮೇಶನ್ ದ್ವೀಪದಲ್ಲಿ ಇಳಿದು ಬ್ರಿಟಿಷ್ ಬಾವುಟ ನೆಟ್ಟ. ಮರುದಿನವೇ ನಾರ್ವೆಯ ನಾರ್ವೇಜಿಯಾ ಹಡಗು ಎದುರಾಯಿತು. ಅದರ ನಾಯಕ ರೀಸರ್ ಲಾರ್ಸೆನ್ ಡಿಸ್ಕವರಿಗೆ ಬಂದ. ಇಬ್ಬರೂ ಕುಳಿತು ಯಾರು ಯಾವ ಕಡೆ ಹುಡುಕಬೇಕೆಂದು ಮಾತಾಡಿಕೊಂಡರು. ಎರಡು ದೇಶಗಳ ಪೈಪೋಟಿ ಹಡಗಿನ ಕೋಣೆಯೊಂದರಲ್ಲಿ ಸೌಜನ್ಯದಿಂದ ನಡೆದುಹೋದ ಆ ದಿನವನ್ನು ಊಹಿಸಿಕೊಂಡರೆ ರೋಮಾಂಚನವಾಗುತ್ತದೆ.

ಮುಂದಿನ ಬೇಸಿಗೆಯಲ್ಲಿ ಮಾಸನ್ ಮತ್ತೆ ಬಂದ. ದಾರಿಯಲ್ಲಿ ಕಲ್ಲಿದ್ದಲು ಸಾಲದೆ ಬಂದಾಗ ತುಂಬಿಸಿಕೊಂಡದ್ದು ನಾರ್ವೆಯ ತಿಮಿಂಗಿಲ ಕಾರ್ಖಾನೆ ಹಡಗಿನಿಂದ! 1931ರ ಫೆಬ್ರವರಿಯಲ್ಲಿ ಡಿಸ್ಕವರಿ ಈ ಕೊಲ್ಲಿಯ ಮುಂದೆ ಇತ್ತು. ಹಡಗಿನಲ್ಲಿ ಪುಟ್ಟದೊಂದು ಜಿಪ್ಸಿ ಮಾತ್ ವಿಮಾನ. ನೀರಿನ ಮೇಲಿಂದ ಏರಿ, ಹಿಮದಾಚೆ ಇಣುಕಿ, ನೆಲ ಕಂಡು ಇಳಿಯುವುದು. ಹಾಗೆ ಕಂಡ ನೆಲಕ್ಕೆಲ್ಲ ಹೆಸರು ಬೇಕಾಯಿತು. ಪೂರ್ವದ ನೆಲ ಪ್ರಿನ್ಸೆಸ್ ಎಲಿಜಬೆತ್ ಲ್ಯಾಂಡ್ ಆಯಿತು. ಮುಂದೆ ಬ್ರಿಟನ್ನಿನ ರಾಣಿಯಾದ ಆ ಹುಡುಗಿಗೆ ಆಗ ನಾಲ್ಕು ವರ್ಷ. ಪಶ್ಚಿಮದ ನೆಲಕ್ಕೆ ಹಿಂದಿನ ಬೇಸಿಗೆಯಲ್ಲೇ ಇಟ್ಟಿದ್ದ ಹೆಸರು ಮ್ಯಾಕ್ ರಾಬರ್ಟ್‌ಸನ್ ಲ್ಯಾಂಡ್. ಅದು ಯಾನಕ್ಕೆ ಹಣ ಕೊಟ್ಟ ಮೆಲ್ಬರ್ನಿನ ಚಾಕೊಲೇಟ್ ತಯಾರಕನ ಹೆಸರು. ಅಮೆರಿ ಎನ್ನುವುದು ಆಸ್ಟ್ರೇಲಿಯದಲ್ಲಿ ಬ್ರಿಟನ್ ಸರ್ಕಾರದ ಪ್ರತಿನಿಧಿಯಾಗಿದ್ದವನ ಹೆಸರು, ಮೆಕೆಂಜಿ ಡಿಸ್ಕವರಿಯ ಕಪ್ತಾನನದು. ಇನ್ನು ಇಡೀ ಕೊಲ್ಲಿಗೆ ಸಿಕ್ಕಿದ್ದು ಓಲಾಫ್ ಪ್ರಿಡ್ಸ್ ಎಂಬಾತನ ಹೆಸರು. ಆತ ನಾವಿಕನಲ್ಲ, ಭೂಗೋಳದವನೂ ಅಲ್ಲ. ನಾರ್ವೆಯ ಸಾಂಡೆಫ್ಯೋರ್ಡ್ ಊರಿನ ತಿಮಿಂಗಿಲ ಬೇಟೆಗಾರರ ವಿಮಾ ಸಂಘದ ಜನರಲ್ ಮ್ಯಾನೇಜರ್!

ಮೊದಲು ಇದು ನನಗೆ ಒಗಟಾಗಿತ್ತು. ಖಂಡದ ಮೂರನೆಯ ದೊಡ್ಡ ಕೊಲ್ಲಿಗೆ ವಿಮಾ ಅಧಿಕಾರಿಯ ಹೆಸರೇಕೆ? ಆದರೆ ಆಗಿನ ದಕ್ಷಿಣ ಸಾಗರದ ಲೆಕ್ಕ ತಿಳಿದರೆ ಒಗಟು ಬಿಡಿಸಿಕೊಳ್ಳುತ್ತದೆ. ಅಲ್ಲಿ ಓಡಾಡುತ್ತಿದ್ದವರು ಬೇಟೆಗಾರರು. ಹಿಮದ ಸುದ್ದಿ, ದಡದ ಸುದ್ದಿ, ಕಲ್ಲಿದ್ದಲು ಎಲ್ಲ ಇದ್ದದ್ದು ಅವರ ಬಳಿ. ಆ ಹಡಗುಗಳು ಹಿಮಕ್ಕೆ ಸಿಕ್ಕಿ ಒಡೆದರೆ ನಷ್ಟ ತುಂಬಿಕೊಡುವ ಸಂಘ ಸಾಂಡೆಫ್ಯೋರ್ಡಿನಲ್ಲಿತ್ತು. ಕೊಲ್ಲಿಯ ಹೆಸರಿನಲ್ಲಿ ಈ ಋಣದ ನೆನಪಿದೆ ಎಂದೇ ನಾನು ಓದುತ್ತೇನೆ. ಆ ಋಣದ ಇನ್ನೊಂದು ಮುಖವನ್ನೂ ಮರೆಯಲಾಗದು. ಡಿಸ್ಕವರಿ ಈ ಕೊಲ್ಲಿಗೆ ಬಂದ ಆ 1930–31ರ ಒಂದೇ ಋತುವಿನಲ್ಲಿ ದಕ್ಷಿಣ ಸಾಗರದಲ್ಲಿ ಕೊಂದ ನೀಲಿ ತಿಮಿಂಗಿಲಗಳು 29,000ಕ್ಕೂ ಹೆಚ್ಚು. ಭೂಮಿಯ ಮೇಲೆ ಬದುಕಿದ ಪ್ರಾಣಿಗಳಲ್ಲೇ ಅತಿ ದೊಡ್ಡದು ಅದು. ನಮ್ಮ ಹಡಗಿನಿಂದ ಒಂದು ದಿನ ದೂರದಲ್ಲಿ ತಿಮಿಂಗಿಲದ ಉಸಿರಿನ ಬುಗ್ಗೆ ಕಂಡಿತು. ಡೆಕ್ಕಿನಲ್ಲಿದ್ದ ಎಲ್ಲರೂ ಕೂಗಿಕೊಂಡೆವು. ಆ ಕೂಗಿನ ನಡುವೆಯೇ ಈ ಅಂಕಿ ನೆನಪಾಗಿ ಗಂಟಲು ಕಟ್ಟಿತು.

ಸಾಂಡೆಫ್ಯೋರ್ಡಿನ ಲಾರ್ಸ್ ಕ್ರಿಸ್ಟೆನ್‌ಸೆನ್ ದೊಡ್ಡ ಹಡಗು ಮಾಲೀಕ. ತಿಮಿಂಗಿಲದಿಂದ ಸಂಪಾದಿಸಿದ ಹಣವನ್ನು ಕರಾವಳಿ ಹುಡುಕಲು ಸುರಿದ. ಅವನ ಕಪ್ತಾನ ಕ್ಲಾರಿಯಸ್ ಮಿಕೆಲ್ಸನ್ 1935ರ ಫೆಬ್ರವರಿಯಲ್ಲಿ ಥೋರ್ಸ್‌ಹಾವ್ನ್ ಹಡಗಿನಲ್ಲಿ ಕೊಲ್ಲಿಯ ಪೂರ್ವದ ಅಂಚನ್ನೆಲ್ಲ ನೋಡಿಕೊಂಡು ಹೋದ. ಮಾಲೀಕನ ಹೆಂಡತಿಯ ಹೆಸರನ್ನು ಕರಾವಳಿಗೆ ಇಟ್ಟ: ಇಂಗ್ರಿಡ್ ಕ್ರಿಸ್ಟೆನ್‌ಸೆನ್ ಕರಾವಳಿ. ತನ್ನ ಹೆಂಡತಿಯ ಹೆಸರನ್ನು ಒಂದು ಬೆಟ್ಟಕ್ಕೆ ಇಟ್ಟ: ಮೌಂಟ್ ಕ್ಯಾರೊಲಿನ್ ಮಿಕೆಲ್ಸನ್. ಹಿಮವಿಲ್ಲದ ಬರಿಗಲ್ಲಿನ ಗುಡ್ಡಸಾಲಿಗೆ ತನ್ನ ಜಿಲ್ಲೆ ವೆಸ್ಟ್‌ಫೋಲ್ಡಿನ ಹೆಸರು. ಫೆಬ್ರವರಿ 20ರಂದು ಕ್ಯಾರೊಲಿನ್ ಸ್ವತಃ ದೋಣಿಯಿಂದ ಇಳಿದು ನಾರ್ವೆಯ ಬಾವುಟ ಏರಿಸುವಲ್ಲಿ ಕೈಜೋಡಿಸಿದಳು. ಅಂಟಾರ್ಕ್ಟಿಕದಲ್ಲಿ ಕಾಲಿಟ್ಟ ಮೊದಲ ಹೆಂಗಸು ಎಂದು ಅವಳಿಗೆ ಹೆಸರು ಬಂತು. ಅವರು ಕಟ್ಟಿದ ಕಲ್ಲುಗುಪ್ಪೆ ಎಷ್ಟೋ ವರ್ಷಗಳ ಮೇಲೆ ಪತ್ತೆಯಾಗಿ, ಅವರು ಇಳಿದದ್ದು ಮುಖ್ಯನೆಲದಲ್ಲಲ್ಲ, ಅದಕ್ಕಂಟಿದಂತಿರುವ ಟ್ರೈನೆ ದ್ವೀಪಗಳಲ್ಲಿ ಎಂದು 1990ರ ದಶಕದಲ್ಲಿ ಸಂಶೋಧಕರು ತೋರಿಸಿದರು. ಮುಖ್ಯನೆಲದ ಮಾತು ಬಂದರೆ ಇಂಗ್ರಿಡ್‌ಳದೇ ಮೊದಲ ಹೆಜ್ಜೆ ಎನ್ನುತ್ತಾರೆ: 1937ರ ಜನವರಿ 30, ಸ್ಕಲ್ಲಿನ್ ಮಾನೊಲಿತ್ ಎಂಬ ಕಡಿದಾದ ಬಂಡೆಯ ಬುಡದಲ್ಲಿ.

ಆ ಇಂಗ್ರಿಡ್‌ಳನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಚಿತ್ರಿಸಿಕೊಂಡೆನೋ. ಆರು ಮಕ್ಕಳ ತಾಯಿ. ನಾಲ್ಕು ಸಲ ಗಂಡನೊಂದಿಗೆ ಈ ಕಡಲಿಗೆ ಬಂದವಳು. 1936–37ರ ಕೊನೆಯ ಯಾನದಲ್ಲಿ ಅವಳ ಜೊತೆ ಮಗಳು ಆಗಸ್ಟಾ ಸೋಫಿ, ಗೆಳತಿ ಲಿಲ್ಲೆಮೋರ್ ರಾಕ್ಲೆವ್, ವಿಮಾನ ಚಾಲಕನ ಹೆಂಡತಿ ಸೊಲ್ವೆಗ್ ವಿಡೆರೊ ಇದ್ದರು. ಇವರೇ ಆ ನಾಲ್ವರು. ವಿಮಾನದಲ್ಲಿ ಹಾರಿ ಮೇಲಿಂದ ಬಾವುಟ ಬೀಳಿಸಿದವಳು ಕೂಡ ಇಂಗ್ರಿಡ್. ಅವರ ನೆನಪಿಗೆ ಇಟ್ಟ ಹೆಸರು ಇರುವುದು ನೀರಿನಡಿ, ಯಾರ ಕಣ್ಣಿಗೂ ಬೀಳದ ದಿಬ್ಬಕ್ಕೆ. ಆದರೂ ಆ ದಿಬ್ಬದ ಮೇಲೆ ಹಾಯದೆ ಕೊಲ್ಲಿಯ ಪೂರ್ವ ದಡಕ್ಕೆ ಹೋಗುವ ಹಡಗುಗಳು ಕಡಿಮೆ. ದೊಡ್ಡ ದೊಡ್ಡ ಹಿಮಗುಡ್ಡಗಳು ಬಂದು ತಳ ತಾಗಿ ನಿಲ್ಲುವುದೂ ಅದರ ಮೇಲೆಯೇ. ನಮ್ಮ ಹಡಗು ಅವುಗಳ ನಡುವೆ ದಾರಿ ಹುಡುಕುತ್ತ ಒಂದು ಇಡೀ ರಾತ್ರಿ ನಿಧಾನವಾಗಿ ಸಾಗಿತು. ರಾತ್ರಿ ಎಂದದ್ದು ಗಡಿಯಾರದ ಲೆಕ್ಕಕ್ಕೆ. ಜನವರಿಯ ಆ ದಿನಗಳಲ್ಲಿ ಸೂರ್ಯ ಅಲ್ಲಿ ಮುಳುಗುತ್ತಿರಲಿಲ್ಲ. ಕೆಳಗಿಳಿದ ಬೆಳಕಿನಲ್ಲಿ ಆ ಗುಡ್ಡಗಳು ಕೇಸರಿಯಾಗಿ, ನೆರಳು ಬಿದ್ದ ಕಡೆ ಗಾಢ ನೀಲಿಯಾಗಿ ಉರಿಯುತ್ತಿದ್ದವು. ಮಲಗಲು ಮನಸ್ಸು ಬರಲಿಲ್ಲ.

ಇಂಗ್ರಿಡ್ ಬಂದಿದ್ದ ಆ ಕೊನೆಯ ಯಾನದಲ್ಲಿ ವಿಗ್ಗೊ ವಿಡೆರೊ ವಿಮಾನ ಹಾರಿಸಿದ, ನಿಲ್ಸ್ ರೊಮ್ನೆಸ್ ಚಿತ್ರ ತೆಗೆದ. ಒಟ್ಟು ಸುಮಾರು 2,200 ಚಿತ್ರಗಳು. ಪ್ರಿಡ್ಸ್ ಕೊಲ್ಲಿಯ ದಡಕ್ಕೆ ಸರಿಯಾದ ರೂಪ ಬಂದದ್ದು ಈ ಚಿತ್ರಗಳಿಂದ. ನಕಾಶೆ ಮಾಡುವ ಕೆಲಸ ನಡೆಯುತ್ತಿದ್ದಾಗಲೇ ಯುದ್ಧ ಬಂತು, ನಾರ್ವೆ ಜರ್ಮನರ ವಶವಾಯಿತು. ಎಚ್. ಇ. ಹಾನ್ಸೆನ್ ಸಿದ್ಧಪಡಿಸಿದ ನಕಾಶೆಗಳ ಸಂಪುಟ ಪ್ರಕಟವಾಗಲು 1946ರವರೆಗೆ ಕಾಯಬೇಕಾಯಿತು. ಚಿತ್ರಗಳು ನಾರ್ವೆಯ ಸಂಗ್ರಹದಲ್ಲಿ ಕುಳಿತವು.

ಈ ಇಡೀ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಮುಂದಿನ ಭಾಗ. ಎಂಬತ್ತು ವರ್ಷಕ್ಕೂ ಮೇಲೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಆ ಹಳೆಯ ಚಿತ್ರಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿ, 1937ರಲ್ಲಿ ಈ ಕರಾವಳಿಯ ಹಿಮನದಿಗಳು ಎಷ್ಟು ಎತ್ತರವಿದ್ದವು, ಎಲ್ಲಿಯವರೆಗೆ ಚಾಚಿದ್ದವು ಎಂದು ಲೆಕ್ಕ ಹಾಕಿದರು. 2024ರಲ್ಲಿ ಫಲ ಪ್ರಕಟವಾಯಿತು. ಜಗತ್ತಿನ ಇತರೆಡೆ ಹಿಮ ಕರಗುತ್ತಿರುವಾಗ ಈ ಭಾಗದ ಹಿಮ ಅಷ್ಟು ವರ್ಷ ಹೆಚ್ಚುಕಡಿಮೆ ಹಾಗೇ ಇತ್ತು, ಕೆಲವು ಕಡೆ ಹಿಮಪಾತ ಹೆಚ್ಚಿ ತುಸು ದಪ್ಪವೂ ಆಗಿತ್ತು. ಜೊತೆಗೆ, ಹಿಮನದಿಗಳ ಮುಂದೆ ಹೆಪ್ಪುಗಟ್ಟುವ ಕಡಲ ಹಿಮ ಸಡಿಲವಾಗುತ್ತಿರುವ ಸೂಚನೆಯನ್ನೂ ಅವರು ಕಂಡರು. ಉಪಗ್ರಹಗಳು ಬರುವುದಕ್ಕೆ ದಶಕಗಳ ಮೊದಲಿನ ಇಂಥ ಸಾಕ್ಷ್ಯ ಅಂಟಾರ್ಕ್ಟಿಕದಲ್ಲಿ ಬಹಳ ಅಪರೂಪ. ತಿಮಿಂಗಿಲದ ಎಣ್ಣೆಯ ದುಡ್ಡಿನಲ್ಲಿ, ನೆಲದ ಹಕ್ಕಿನ ಆಸೆಯಲ್ಲಿ ತೆಗೆದ ಚಿತ್ರಗಳು ಇಂದು ಭೂಮಿಯ ಆರೋಗ್ಯ ಹೇಳುತ್ತಿವೆ.

ನಾರ್ವೆಯ ವಿಮಾನ ಹೋಗದ ಒಳನಾಡಿಗೆ 1946–47ರಲ್ಲಿ ಅಮೆರಿಕದ ನೌಕಾಪಡೆಯ ವಿಮಾನಗಳು ಹೋದವು. ಅಮೆರಿಯ ಹಿಂದಿನ ಮಹಾ ಹಿಮನದಿ ಅವುಗಳ ಚಿತ್ರಗಳಲ್ಲಿ ಸಿಕ್ಕಿತು. ಅದಕ್ಕೆ ಮೊದಲು ಇಟ್ಟ ಹೆಸರು 'ಬೇಕರ್ ತ್ರೀ', ಚಿತ್ರ ತೆಗೆದ ವಿಮಾನ ತಂಡದ ಸಂಕೇತನಾಮ. ಆದರೆ ಆ ಹೆಸರು ಪ್ರಕಟವಾದ ನಕಾಶೆಗಳಲ್ಲಿ ಬರಲಿಲ್ಲ. 1957ರಲ್ಲಿ ಆಸ್ಟ್ರೇಲಿಯ ತನ್ನ ನಕಾಶೆ ಇಲಾಖೆಯ ನಿರ್ದೇಶಕ ಬ್ರೂಸ್ ಲ್ಯಾಂಬರ್ಟನ ಹೆಸರನ್ನು ಅದಕ್ಕೆ ಇಟ್ಟಿತು, ಅದೇ ನಿಂತಿತು.

ಕೊನೆಗೆ ದಡ. ಹೆಪ್ಪುಗಟ್ಟಿದ ಕಡಲಿನ ಅಂಚಿನಲ್ಲಿ ಹಡಗು ನಿಂತಿತು, ಅಲ್ಲಿಂದ ಹೆಲಿಕಾಪ್ಟರು. ಬಿಳಿ, ಬಿಳಿ, ಬಿಳಿ ಎಂದು ಕಣ್ಣು ಸೋತಿರುವಾಗ ಕೆಳಗೆ ಒಮ್ಮೆಗೇ ಕಂದು ಬಣ್ಣದ ಕಲ್ಲುಗುಡ್ಡಗಳು. ಲಾರ್ಸೆಮನ್ ಗುಡ್ಡಗಳು. ಮಿಕೆಲ್ಸನ್ 1935ರಲ್ಲಿ ಇವನ್ನೂ ಕಂಡಿದ್ದ. ಬಂಡೆಗಳ ನಡುವೆ 150ಕ್ಕೂ ಹೆಚ್ಚು ಕೆರೆಗಳಿವೆ. ಕೆಲವು ಪೂರ್ತಿ ನೀಲಿ, ಕೆಲವಕ್ಕೆ ಇನ್ನೂ ಹಿಮದ ಮುಚ್ಚಳ. ಚೀನಾದ ಝೊಂಗ್‌ಶಾನ್, ರಷ್ಯಾದ ಪ್ರೋಗ್ರೆಸ್ ನಿಲ್ದಾಣಗಳು 1980ರ ದಶಕದ ಕೊನೆಯಿಂದ ಇಲ್ಲಿವೆ. ಅವುಗಳಿಂದ ತುಸು ಪಶ್ಚಿಮಕ್ಕೆ, ಬಂಡೆಯ ಮೇಲೆ ಕಂಬಗಳ ಮೇಲೆ ನಿಂತಿದೆ ನಮ್ಮ 'ಭಾರತಿ'. 2012ರ ಮಾರ್ಚಿನಲ್ಲಿ ಶುರುವಾದ ಭಾರತದ ಸಂಶೋಧನಾ ನಿಲ್ದಾಣ. 134 ಸರಕು ಕಂಟೇನರುಗಳನ್ನು ಜೋಡಿಸಿ, ಮೇಲೆ ಲೋಹದ ಕವಚ ಹೊದಿಸಿ ಕಟ್ಟಿದ್ದು. ಗಾಜಿನ ಗೋಡೆಯ ಪಕ್ಕ ನಿಂತರೆ ಹಿಮಗುಡ್ಡಗಳು ಸಾಲುಗಟ್ಟಿದ ಕೊಲ್ಲಿ ಪೂರ್ತಿ ಕಾಣುತ್ತದೆ.

ಭಾರತ ಈ ದಡಕ್ಕೇ ಏಕೆ ಬಂತು ಎಂದರೆ ಉತ್ತರ ಕಾಲಡಿಯ ಕಲ್ಲಿನಲ್ಲಿದೆ. ಕೆಂಪು ಗಾರ್ನೆಟ್ ಕಣಗಳು ಮಿನುಗುವ ಇಲ್ಲಿನ ನೈಸ್ ಕಲ್ಲಿಗೂ ನಮ್ಮ ಪೂರ್ವಘಟ್ಟಗಳ ಕಲ್ಲಿಗೂ ನಂಟಿದೆ ಎನ್ನುತ್ತಾರೆ ಭೂವಿಜ್ಞಾನಿಗಳು. ಗೊಂಡ್ವಾನ ಎಂಬ ಮಹಾಖಂಡದಲ್ಲಿ ಭಾರತದ ಪೂರ್ವ ಕರಾವಳಿ ಈ ದಡಕ್ಕೆ ಅಂಟಿಕೊಂಡಿತ್ತು. ಸುಮಾರು 13 ಕೋಟಿ ವರ್ಷಗಳ ಹಿಂದೆ ಬೇರ್ಪಡಲು ತೊಡಗಿತು. ಲ್ಯಾಂಬರ್ಟ್ ಹಿಮನದಿ ಹರಿಯುವ ಬಿರುಕುಕಣಿವೆ ಒಡಿಶಾದ ಮಹಾನದಿ ಕಣಿವೆಯ ಮುಂದುವರಿಕೆ ಎಂದು ಹಲವರ ತೀರ್ಮಾನ. ಅಮೆರಿಯ ಪಕ್ಕದ ಬೀವರ್ ಲೇಕ್ ಬಳಿ ಕಲ್ಲಿದ್ದಲಿನ ಪದರಗಳಿವೆ, ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಗಿಡದ ಎಲೆಯಚ್ಚುಗಳಿವೆ. ಮಹಾನದಿ ಬಯಲಿನ ತಾಲ್ಚೇರ್ ಗಣಿಯ ಕಲ್ಲಿದ್ದಲಿನಲ್ಲೂ ಇರುವುದು ಅದೇ ಗಿಡ. ಒಂದೇ ಕಾಡು ಇಲ್ಲಿಂದ ಅಲ್ಲಿಯವರೆಗೆ ಹಬ್ಬಿತ್ತು! ಬಂಡೆಯ ಮೇಲೆ ಕೈಗವಸು ತೆಗೆದು ಅಂಗೈ ಇಟ್ಟೆ. ಚಳಿ ಮೂಳೆಗೆ ಇಳಿಯಿತು. ತೆಗೆಯಲು ಮನಸ್ಸಾಗಲಿಲ್ಲ.

ಕೊಲ್ಲಿಯ ತಳವೂ ವಿಚಿತ್ರ. ಸಾಮಾನ್ಯವಾಗಿ ದಡದಿಂದ ದೂರ ಹೋದಂತೆ ಸಮುದ್ರ ಆಳವಾಗುತ್ತದೆ. ಇಲ್ಲಿ ದಡದ ಹತ್ತಿರವೇ ಆಳ, ಹೊರಗೆ ಹೋದಂತೆ ದಿಬ್ಬ. ಹಿಂದಿನ ಹಿಮಯುಗಗಳಲ್ಲಿ ಹಿಮನದಿ ಕೊಲ್ಲಿಯನ್ನೆಲ್ಲ ತುಂಬಿ, ಒಳಗಿನ ತಳ ಕೊರೆದು, ಆ ಮಣ್ಣುಕಲ್ಲನ್ನು ಹೊರಕ್ಕೆ ದೂಡಿದ್ದರ ಗುರುತು ಅದು. 1988ರಲ್ಲಿ ಮತ್ತು 2000ದಲ್ಲಿ ಸಂಶೋಧನಾ ಹಡಗುಗಳು ಇಲ್ಲಿ ಕೊಳವೆ ಕೊರೆದು ಮಣ್ಣಿನ ಪದರಗಳನ್ನು ಮೇಲೆತ್ತಿದವು. ಅಂಟಾರ್ಕ್ಟಿಕಕ್ಕೆ ಹಿಮ ಮುಸುಕಲು ತೊಡಗಿದ ಕಾಲದ, ಸುಮಾರು ಮೂರೂವರೆ ಕೋಟಿ ವರ್ಷಗಳ ಹಿಂದಿನ ದಾಖಲೆ ಅವುಗಳಲ್ಲಿತ್ತು.

ನಕಾಶೆ ಮುಗಿಯುವ ಕೆಲಸವಲ್ಲ. 2019ರ ಸೆಪ್ಟೆಂಬರಿನಲ್ಲಿ ಅಮೆರಿಯಿಂದ ಡಿ-28 ಎಂಬ ಹಿಮಗುಡ್ಡ ಮುರಿದು ಹೊರಟಿತು. ವಿಸ್ತೀರ್ಣ 1,636 ಚದರ ಕಿಲೋಮೀಟರು, ಬೆಂಗಳೂರು ನಗರವನ್ನು ಎರಡು ಸಲ ಇಟ್ಟರೂ ಜಾಗ ಉಳಿಯುವಷ್ಟು. ಒಂದೇ ಬಾರಿಗೆ ಕೊಲ್ಲಿಯ ದಡದ ಗೆರೆ ಬದಲಾಯಿತು. ಈಗ ಆ ಗೆರೆಯನ್ನು ತಿದ್ದುವುದು ಉಪಗ್ರಹಗಳು. ಭಾರತಿಯ ಬಳಿಯೇ ಇಸ್ರೋದ ಗ್ರಾಹಕ ಕೇಂದ್ರವಿದೆ. ಧ್ರುವದ ಮೇಲೆ ಹಾದು ಸುತ್ತುವ ನಮ್ಮ ಭೂವೀಕ್ಷಣಾ ಉಪಗ್ರಹಗಳು ದಕ್ಷಿಣ ತುದಿಗೆ ಬಂದಾಗಲೆಲ್ಲ ತೆಗೆದ ಚಿತ್ರಗಳನ್ನು ಇಲ್ಲಿ ಇಳಿಸುತ್ತವೆ, ಇಲ್ಲಿಂದ ಅವು ಹೈದರಾಬಾದಿನ ಕಡೆಗೆ ಹೋಗುತ್ತವೆ. ಲಾರ್ಸೆಮನ್ ಗುಡ್ಡಗಳ ನೆಲವನ್ನು ಸರ್ವೆ ಆಫ್ ಇಂಡಿಯಾದವರು ಅಳೆದಿದ್ದಾರೆ. ಮಾಸನ್‌ನ ಪುಟ್ಟ ವಿಮಾನ ಹಾರಿದ ಆಕಾಶದಡಿ ಈಗ ನಾವೂ ನಕಾಶೆ ಬರೆಯುವವರು.

ಆದ್ದರಿಂದ ಒಂದು ಕೋರಿಕೆ. ನಮ್ಮ ಹಡಗಿನಲ್ಲಿ ಕನ್ನಡ ಮಾತಾಡುವವರು ಇದ್ದರು. ಹಿಂದಿನ ಯಾನಗಳಲ್ಲೂ ಹೋಗಿಬಂದವರು, ಚಳಿಗಾಲದ ಕತ್ತಲಲ್ಲಿ ತಿಂಗಳುಗಟ್ಟಲೆ ಇದ್ದುಬಂದವರು ಇದ್ದಾರೆ. ಎಂಜಿನಿಯರು, ವೈದ್ಯ, ಅಡುಗೆಯವರು, ಯಾರೇ ಇರಲಿ. ನಿಮ್ಮ ಬಳಿ ಚಿತ್ರಗಳಿವೆ, ದಿನಚರಿಗಳಿವೆ. ಯಾವ ಬಂಡೆಯ ಬಳಿ, ಯಾವ ದಿನ ತೆಗೆದದ್ದೆಂದು ಹಿಂದೆ ಬರೆದಿಡಿ. ಕನ್ನಡದಲ್ಲಿ ಪ್ರಕಟಿಸಿ. ರೊಮ್ನೆಸ್ ತೆಗೆದ ಚಿತ್ರಗಳು ಉಪಯೋಗಕ್ಕೆ ಬಂದದ್ದು, ಯಾರೋ ಅವನ್ನು ಎಂಬತ್ತು ವರ್ಷ ಎಸೆಯದೆ ಇಟ್ಟುಕೊಂಡದ್ದರಿಂದ.